ಪಂಚಾಂಗ ನೋಡದೆ ಕೊಲೆ ಮಾಡಿಸಬೇಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಉತ್ತರ ಕನ್ನಡದವು. ಕೇಳಿದ್ದೆಲ್ಲ ಒಂದೇ ಬಗೆಯ ಬರವಣಿಗೆ ಕುರಿತು: ಹಳೆಯ ಕಾಲದಲ್ಲಿ ನಡೆಯುವ ಪತ್ತೇದಾರಿ ಕಾದಂಬರಿ. ಹೆಚ್ಚಿನವರು ಬರೆದಷ್ಟು ಹಸ್ತಪ್ರತಿಯನ್ನೂ ಪತ್ರದ ಜೊತೆ ಕಳಿಸಿದ್ದಾರೆ. ಕಾಳುಮೆಣಸು, ಪೋರ್ಚುಗೀಸರು, ನಾಲ್ಕು ದೊಡ್ಡ ಹೊಳೆ, ಹೊಳೆಗೊಂದು ಅಳಿವೆ, ಹಿಂದೆ ಘಟ್ಟ. ಇಷ್ಟೆಲ್ಲ ಇರುವ ಜಿಲ್ಲೆಯವರಿಗೆ ಕೊಲೆಯ ಕಥೆ ಹೊಳೆಯದಿದ್ದರೇ ಆಶ್ಚರ್ಯ.

ರಾಣಿ ಚೆನ್ನಭೈರಾದೇವಿಯ ಕಾಲದ ಗೇರುಸೊಪ್ಪೆಯಲ್ಲಿ ಮೆಣಸಿನ ವ್ಯಾಪಾರಿಯೊಬ್ಬ ಔತಣದಲ್ಲಿ ವಿಷವುಂಡು ಸಾಯುವ ಕಥೆ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯ ಲಗತ್ತಿಸಿದ್ದೇನೆ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.
— ಶಿಕ್ಷಕಿ, ಹೊನ್ನಾವರ

ತಪ್ಪು ಕೊಲೆಯಲ್ಲಿಲ್ಲ, ಅಡುಗೆಯಲ್ಲಿದೆ. ನೀವು ಹಾಸಿದ ಬಾಳೆಲೆಯ ಮೇಲೆ ಬಟಾಟೆ ಪಲ್ಯ, ಟೊಮೆಟೊ ಸಾರು, ಗೋಡಂಬಿ ಹಾಕಿದ ಪಾಯಸ ಇವೆ. ಒಗ್ಗರಣೆಗೆ ಶೇಂಗಾ ಎಣ್ಣೆ, ಕೆಂಪು ಮೆಣಸಿನಕಾಯಿ. ಈ ಐದೂ ಅಮೆರಿಕ ಖಂಡದಿಂದ ಬಂದ ಬೆಳೆಗಳು. ಮೆಣಸಿನಕಾಯಿ, ಗೇರು ಎರಡೂ ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲೇ ಪಶ್ಚಿಮ ಕರಾವಳಿಗೆ ಇಳಿದವು. ರಾಣಿಯ ಆಳ್ವಿಕೆ 1552ರಿಂದ 1606ರವರೆಗೆ ಎಂದು ಹಿಡಿದರೆ, ಬಂದರಿನ ಯಾರದೋ ಹಿತ್ತಿಲಲ್ಲಿ ಒಂದು ಮೆಣಸಿನಕಾಯಿ ಗಿಡ ಇತ್ತೆಂದು ಬರೆದರೆ ಯಾರೂ ಜಗಳಕ್ಕೆ ಬರಲಾರರು. ಆದರೆ ಕಾಳುಮೆಣಸಿಗಾಗಿ ಹಡಗುಗಳು ಸಾಲುಗಟ್ಟುತ್ತಿದ್ದ ಊರಿನ ಸಾರಿಗೆ ಖಾರ ಕಾಳುಮೆಣಸಿನದೇ. ‘ಮೆಣಸಿನಕಾಯಿ’ ಎಂಬ ಹೆಸರೇ ನೋಡಿ: ಮೆಣಸು ಮೊದಲಿತ್ತು, ಅದರ ಕೆಲಸ ಮಾಡುವ ಕಾಯಿ ಆಮೇಲೆ ಬಂತು. ಬಟಾಟೆ, ಟೊಮೆಟೊ ನಮ್ಮ ಅಡುಗೆಮನೆಗೆ ಕಾಲಿಟ್ಟದ್ದು ಇನ್ನೂ ಬಹಳ ತಡವಾಗಿ.

ಹಾಗಾದರೆ ಎಲೆಯ ಮೇಲೆ ಏನಿಡುವುದು? ಅಕ್ಕಿ, ಹೆಸರು, ತೆಂಗು, ಎಳ್ಳು, ಬೆಲ್ಲ, ಬಾಳೆ, ಹಲಸು, ಮಾವಿನಮಿಡಿ. ಹುಳಿಗೆ ಮುರುಗಲು, ವಾಟೆ, ಹುಣಸೆ. ತಂಬುಳಿಗೆ ಜೀರಿಗೆ, ಒಳ್ಳೆಮೆಣಸು (ಕಾಳುಮೆಣಸು). ಇದನ್ನೆಲ್ಲ ಪಟ್ಟಿ ಮಾಡಿ ಅಧ್ಯಾಯಕ್ಕೆ ಸುರಿಯಬೇಡಿ. ಎರಡು ಪದಾರ್ಥ ಸಾಕು, ಒಂದರ ವಾಸನೆ ಬರಲಿ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಿಮ್ಮ ಔತಣ ನಡುರಾತ್ರಿ ನಡೆಯುತ್ತದೆ, ಉಣ್ಣುವವನು ಜೈನ. ಗೇರುಸೊಪ್ಪೆ ಜೈನ ಅರಸುಮನೆತನದ ಊರು; ಅಲ್ಲಿನ ಚತುರ್ಮುಖ ಬಸದಿ ಈಗಲೂ ನಿಂತಿದೆ. ವ್ರತನಿಷ್ಠ ಜೈನರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಗೆಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ, ಜೇನು ಮುಟ್ಟುವುದಿಲ್ಲ. ನೀವು ಇದನ್ನು ಅಡ್ಡಿ ಎಂದುಕೊಳ್ಳಬೇಡಿ, ಕಥೆಯ ಕೀಲಿ ಇದರಲ್ಲೇ ಇದೆ. ಊಟ ಮುಗಿದದ್ದು ಸಂಜೆಯೇ, ಸಾವು ಬಂದದ್ದು ನಡುರಾತ್ರಿ. ನಡುವಿನ ಅಷ್ಟು ಹೊತ್ತು ಆತನ ಬಾಯಿಗೆ ಏನೂ ಹೋಗಿಲ್ಲ ಎಂದು ಮನೆಯವರೆಲ್ಲ ಆಣೆ ಇಡುತ್ತಾರೆ. ಹಾಗಾದರೆ ಹೋದದ್ದು ಏನು, ಯಾವ ನೆಪದಲ್ಲಿ? ವ್ರತ ಮುರಿದನೇ? ಯಾರಾದರೂ ಔಷಧಿ ಎಂದು ಕೊಟ್ಟರೇ? ಪತ್ತೇದಾರನಿಗೆ ಈ ಒಂದು ಪ್ರಶ್ನೆ ಕೊಟ್ಟರೆ ಹತ್ತು ಅಧ್ಯಾಯ ತಾನಾಗಿ ನಡೆಯುತ್ತವೆ.

ವಿಷಕ್ಕೆ ನೀವು ಕಾಸರಕ ಆರಿಸಿದ್ದೀರಿ. ನಮ್ಮ ಕಾಡಿನದೇ ಮರ, ಕಾಲಕ್ಕೂ ಒಪ್ಪುತ್ತದೆ. ಆದರೆ ಅದು ಕಡು ಕಹಿ. ಪಾಯಸದಲ್ಲಿ ಹಾಕಿದರೆ ಮೊದಲ ತುತ್ತಿಗೇ ಉಗಿಯುತ್ತಾನೆ. ಕಹಿ ಕಷಾಯದಲ್ಲಾದರೆ ಓದುಗ ನಂಬುತ್ತಾನೆ. ನೀವು ಬರೆದಂತೆ ‘ನಿದ್ದೆಹೋದವನಂತೆ ಮಲಗಿದ್ದ’ ಎಂಬುದೂ ನಡೆಯದು. ಅದು ಮೈ ಸೆಟೆಸಿ ಬಿಲ್ಲಾಗಿಸುವ ವಿಷ, ಮನೆಯೆಲ್ಲ ಎದ್ದು ಕೂರುತ್ತದೆ. ಅಷ್ಟು ಸದ್ದು ನಿಮಗೆ ಬೇಡವಾದರೆ ವಿಷ ಬದಲಾಯಿಸಿ. ಪ್ರಮಾಣವನ್ನಂತೂ ಬರೆಯಬೇಡಿ, ಕಥೆಗೆ ಅದು ಬೇಕಾಗಿಯೂ ಇಲ್ಲ.

ಇನ್ನೆರಡು ಮಾತು. ನಿಮ್ಮ ಪಾತ್ರಗಳು ಎದುರಿಗೇ ‘ಕಾಳುಮೆಣಸಿನ ರಾಣಿ’ ಎನ್ನುತ್ತವೆ. ಅದು ಪೋರ್ಚುಗೀಸರು ಇಟ್ಟ ಹೆಸರು, ‘ರೈನಾ ದ ಪಿಮೆಂಟಾ’. ಗೋವೆಯ ದೂತನ ಬಾಯಲ್ಲಿ ಸರಿ, ಅರಮನೆಯ ದಾಸಿಯ ಬಾಯಲ್ಲಿ ಅಲ್ಲ. ಇನ್ನೊಂದು, ಶಕ ವರ್ಷಕ್ಕೆ 78 ಕೂಡಿದರೆ ಕ್ರಿಸ್ತಶಕ ಬರುತ್ತದೆ. ಜನವರಿಯಿಂದ ಯುಗಾದಿಯ ಒಳಗಿನ ತಿಥಿಯಾದರೆ 79 ಕೂಡಬೇಕು. ರಾಣಿ ಕೆಳದಿಯವರಿಗೆ ಸೆರೆಯಾದದ್ದು 1606 ಎಂದು ಹಿಡಿದರೆ ಶಕ 1528. ಆ ಸಂವತ್ಸರದ ಹೆಸರು ಪರಾಭವ. ಲೆಕ್ಕ ಹಾಕಿಯೇ ಹೇಳುತ್ತಿದ್ದೇವೆ. ಕಾದಂಬರಿಕಾರ ಕಟ್ಟಿ ಹೇಳಿದ್ದರೆ ‘ಇದು ಅತಿಯಾಯಿತು’ ಎಂದು ನಾವೇ ಕೆಂಪು ಗೀಟು ಎಳೆಯುತ್ತಿದ್ದೆವು.

17ನೇ ಶತಮಾನದ ಕಾರವಾರದ ಇಂಗ್ಲಿಷ್ ಕೋಠಿಯ (ವ್ಯಾಪಾರದ ಮಳಿಗೆಯ) ಕಾಗದಗಳಿಗೂ ಗೋವೆಯ ಕಾಗದಗಳಿಗೂ ತಾರೀಖು ತಾಳೆಯಾಗುವುದಿಲ್ಲ. ಒಂದೇ ಘಟನೆಗೆ ಹತ್ತು ದಿನದ ವ್ಯತ್ಯಾಸ. ಯಾವುದನ್ನು ನಂಬಲಿ?
— ನಿವೃತ್ತ ಬ್ಯಾಂಕ್ ನೌಕರ, ಕಾರವಾರ

ಎರಡನ್ನೂ ನಂಬಿ. ಪೋಪ್ ತಿದ್ದಿದ ಹೊಸ ಕ್ಯಾಲೆಂಡರನ್ನು ಪೋರ್ಚುಗಲ್ 1582ರಲ್ಲೇ ಒಪ್ಪಿಕೊಂಡಿತು. ಇಂಗ್ಲಿಷರು ಹಟ ಹಿಡಿದು 1752ರವರೆಗೂ ಹಳೆಯದರಲ್ಲೇ ಉಳಿದರು. 17ನೇ ಶತಮಾನದುದ್ದಕ್ಕೂ ಅಂತರ 10 ದಿನ, 1700ರ ನಂತರ 11. ಇಂಗ್ಲಿಷರ ಫೆಬ್ರವರಿ 22 ಎಂದರೆ ಗೋವೆಯವರಿಗೆ ಮಾರ್ಚ್ 4. ಸಾಲದ್ದಕ್ಕೆ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಶಿವಾಜಿ ಬಸರೂರಿನ ದಾಳಿ ಮುಗಿಸಿ ಕಾರವಾರದ ಕಡೆ ಬಂದದ್ದು ನಮ್ಮ ಲೆಕ್ಕದಲ್ಲಿ 1665ರ ಫೆಬ್ರವರಿ. ಇಂಗ್ಲಿಷರ ಲೆಕ್ಕದಲ್ಲಿ ಅದಿನ್ನೂ 1664. ಮುದ್ರಿತ ದಾಖಲೆಗಳಲ್ಲಿ ‘1664/65’ ಎಂದು ಅಡ್ಡಗೆರೆ ಕಂಡರೆ ಕಾರಣ ಇದೇ. ಅದನ್ನು ಅಚ್ಚಿನ ತಪ್ಪೆಂದು ತಿದ್ದಿ ಕಥೆಯನ್ನು ಒಂದು ವರ್ಷ ಹಿಂದಕ್ಕೆ ತಳ್ಳಿದವರಿದ್ದಾರೆ.

ಆಗ ಕಾರವಾರ ಬಿಜಾಪುರದ ಆದಿಲಶಾಹಿಗೆ ಸೇರಿತ್ತು, ಅವರದು ಹಿಜರಿ. ಊರಿನವರದು ಪಂಚಾಂಗ. ಅಂದರೆ ಒಂದೇ ಬಂದರಿನಲ್ಲಿ ನಾಲ್ಕು ಕಾಲಗಣನೆ. ಪತ್ತೇದಾರಿ ಬರೆಯುವವನಿಗೆ ಇದು ಹಬ್ಬದೂಟ. ಮಂಗಳವಾರ ಕತ್ತಲಾಗಿ, ಗಡಿಯಾರದ ಲೆಕ್ಕದಲ್ಲಿ ರಾತ್ರಿ 2 ಗಂಟೆಗೆ ಒಬ್ಬ ಸತ್ತ ಎನ್ನೋಣ. ಪಂಚಾಂಗದ ದಿನ ಸೂರ್ಯೋದಯಕ್ಕೆ ಬದಲಾಗುವುದರಿಂದ ಶಾನಭಾಗನಿಗೆ ಅದಿನ್ನೂ ಮಂಗಳವಾರ. ಹಿಜರಿಯ ದಿನ ಸೂರ್ಯಾಸ್ತಕ್ಕೇ ಬದಲಾಗುತ್ತದೆ, ಬಿಜಾಪುರದ ಅಧಿಕಾರಿಗೆ ಸಂಜೆಯಿಂದಲೇ ಬುಧವಾರ. ಇಂಗ್ಲಿಷ್ ಗುಮಾಸ್ತನಿಗೆ ನಡುರಾತ್ರಿಯಿಂದ ಬುಧವಾರ. ‘ಮಂಗಳವಾರ ರಾತ್ರಿ ನಾನು ಊರಲ್ಲಿರಲಿಲ್ಲ’ ಎಂದ ಸಾಕ್ಷಿ ಸುಳ್ಳು ಹೇಳಿಲ್ಲ, ಆದರೂ ಕೊಲೆ ನಡೆದಾಗ ಅಲ್ಲೇ ಇದ್ದ. ಅವನ ಮಂಗಳವಾರ ರಾತ್ರಿ ನಮ್ಮ ಸೋಮವಾರ ರಾತ್ರಿ. ಹೀಗೆ ಯಾರೂ ಸುಳ್ಳಾಡದೆ ಗೋಜಲಾಗುವ ಕಥೆ ಸಿಗುವುದು ಅಪರೂಪ. ಆದರೆ ಆತ ಹಿಜರಿ ಲೆಕ್ಕದವನು ಎಂಬುದನ್ನು ಓದುಗನಿಗೆ ಮೊದಲ ಮೂರು ಅಧ್ಯಾಯದೊಳಗೇ ತಿಳಿಸಿರಬೇಕು.

ಜಾಗದ ಬಗ್ಗೆಯೂ ಎಚ್ಚರ. ಈಗಿನ ಕಾರವಾರ ಪೇಟೆ 1862ರ ನಂತರ ಬೆಳೆದದ್ದು. ಹಳೆಯ ಕಾರವಾರ ಕಾಳಿ ಹೊಳೆಯ ಒಳಮಗ್ಗುಲಲ್ಲಿ, ಕಡವಾಡದ ಬಳಿ. ನಿಮ್ಮ ಗುಮಾಸ್ತ ಕೋಠಿಯ ಕಿಟಕಿಯಿಂದ ಕಡಲ ಅಲೆ ನೋಡುತ್ತ ಕೂತಿದ್ದಾನಲ್ಲ, ಅವನನ್ನು ಎಬ್ಬಿಸಿ ಹೊಳೆ ತೋರಿಸಿ.

ನನ್ನ ಕಥೆ 1890ರ ದಶಕದ ಕುಮಟಾದ್ದು. ಹತ್ತಿ ವ್ಯಾಪಾರಿಯ ಕೊಲೆ. ಆಗ ತನಿಖೆ ಯಾರು ಮಾಡುತ್ತಿದ್ದರು? ಬೆರಳಚ್ಚು ಬಳಸಬಹುದೇ? ದಾಖಲೆ ಎಲ್ಲಿ ಸಿಗುತ್ತದೆ?
— ವಕೀಲ, ಕುಮಟಾ

ವಕೀಲರಾದ ನಿಮಗೆ ಕಾನೂನು ಹೇಳುವುದು ಅಧಿಕಪ್ರಸಂಗ, ಆದರೂ ಕಾಲಕ್ರಮ ಒಮ್ಮೆ ನೋಡೋಣ. ದಂಡಸಂಹಿತೆ ಜಾರಿಗೆ ಬಂದದ್ದು 1862ರ ಜನವರಿ 1ಕ್ಕೆ, ಸಾಕ್ಷ್ಯ ಅಧಿನಿಯಮ 1872ಕ್ಕೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆಗಲೂ ನಡೆಯುತ್ತಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ ನಿಮ್ಮ ಫೌಜದಾರನ ಎದುರು ಕೊಲೆಗಾರ ಎಲ್ಲ ಒಪ್ಪಿಕೊಳ್ಳುತ್ತಾನೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಅದರ ಆಧಾರದ ಮೇಲೆ ಗಲ್ಲಾಗುವುದಿಲ್ಲ ಎಂದು ನಿಮಗೇ ಗೊತ್ತಿದೆ.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಧಿಕಾರಿಯ ಹೆಸರೂ ಬದಲಾಯಿತು. ಅದಕ್ಕೆ ಮುಂಚಿನ ಕಥೆಯಲ್ಲಿ ತಹಶೀಲ್ದಾರ, ಆಮೇಲಿನದರಲ್ಲಿ ಮಾಮಲೇದಾರ. ಘಟ್ಟದ ಮೇಲೆ ಮೈಸೂರು ಸೀಮೆಯಲ್ಲಿ ಅಮಲ್ದಾರ. ನಿಮ್ಮ ಹಸ್ತಪ್ರತಿಯಲ್ಲಿ ಮೂವರೂ ಒಂದೇ ಕುರ್ಚಿಯಲ್ಲಿ ಕೂತಿದ್ದಾರೆ. ಹಳ್ಳಿಯಲ್ಲಿ ಹೆಣ ಕಂಡರೆ ಮೊದಲು ಬರುವವನು ಪೊಲೀಸ್ ಪಾಟೀಲ. 1867ರ ಗ್ರಾಮ ಪೊಲೀಸ್ ಕಾಯ್ದೆ ಅವನಿಗೆ ಆ ಅಧಿಕಾರ ಕೊಟ್ಟಿತ್ತು. ಪಂಚರನ್ನು ಕರೆಸಿ ಪಂಚನಾಮೆ ಮಾಡುವವನು ಅವನೇ. ಗಾಯ ಎಲ್ಲಿ, ಉಡುಪು ಏನು, ಹೆಣ ಯಾವ ದಿಕ್ಕಿಗೆ ಇತ್ತು ಎಂಬುದೆಲ್ಲ ಅವನು ಬರೆಸಿದ ಕಾಗದದಲ್ಲೇ ಮೊದಲು ಬರುತ್ತದೆ. ಪಾಟೀಲ ಯಾರ ಕಡೆಯವನು ಎಂಬುದರಿಂದಲೇ ಒಂದು ಉಪಕಥೆ ಹುಟ್ಟಬಹುದು.

ಬೆರಳಚ್ಚು ಬೇಡ. ಅಪರಾಧಿಗಳ ಬೆರಳಚ್ಚು ಇಡುವ ಮೊದಲ ಕಚೇರಿ ಕಲ್ಕತ್ತದಲ್ಲಿ ತೆರೆದದ್ದೇ 1897ಕ್ಕೆ. ಕಲೆ ಮನುಷ್ಯನ ರಕ್ತದ್ದೋ ಕುರಿಯದೋ ಎಂದು ಬಿಡಿಸಿ ಹೇಳುವ ಪರೀಕ್ಷೆ ಬಂದದ್ದು 1901ರಲ್ಲಿ. ಆದರೆ ಪಾಷಾಣ, ಅಂದರೆ ಆರ್ಸೆನಿಕ್, ಹಿಡಿಯುವ ಮಾರ್ಷ್ ಪರೀಕ್ಷೆ 1836ರದು. ಅದನ್ನು ಧಾರಾಳವಾಗಿ ಬಳಸಿ. ಮಾದರಿ ಹೋಗಬೇಕಾದ್ದು ಮುಂಬಯಿಯ ಕೆಮಿಕಲ್ ಅನಲೈಸರಿಗೆ. ಹೋಗುವುದು ಹೇಗೆ? ಇಲ್ಲಿದೆ ಸ್ವಾರಸ್ಯ. ಬೇಸಿಗೆಯಾದರೆ ಬಂದರಿನಿಂದ ಹಡಗಿನಲ್ಲಿ. ಕೊಲೆ ಜುಲೈಯಲ್ಲಾದರೆ ಕಡಲು ಕೆಟ್ಟಿರುತ್ತದೆ, ಬಂದರು ಮುಚ್ಚಿರುತ್ತದೆ. ದೇವಿಮನೆ ಘಟ್ಟ ಹತ್ತಿ, ಶಿರಸಿ ದಾಟಿ, ಹುಬ್ಬಳ್ಳಿಗೆ ಗಾಡಿಯಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು. ಕುಮಟಾದಿಂದ ಹುಬ್ಬಳ್ಳಿಗೆ ಸುಮಾರು 160 ಕಿ.ಮೀ. ಎತ್ತಿನ ಗಾಡಿ ದಿನಕ್ಕೆ 25 ಕಿ.ಮೀ. ಹೋದರೆ ಹೆಚ್ಚು, ಘಟ್ಟದ ಕೆಸರಿನಲ್ಲಿ ಅದೂ ಇಲ್ಲ. ವಾರದ ಹಾದಿ. ಅಷ್ಟು ದಿನ ಸೀಲು ಮಾಡಿದ ಬಾಟಲಿ ಯಾರ ಕೈಯಲ್ಲಿತ್ತು, ಯಾವ ಮುಸಾಫಿರಖಾನೆಯಲ್ಲಿ ರಾತ್ರಿ ಕಳೆಯಿತು? ವರದಿ ತಿರುಗಿ ಬರುವವರೆಗೆ ಕೊಲೆಗಾರನಿಗೆ ಒಂದು ತಿಂಗಳ ಬಿಡುವು. ಮಳೆಗಾಲ ಆರಿಸಿಕೊಳ್ಳಿ.

ಮಳೆಗಾಲದಲ್ಲಿ ಇನ್ನೊಂದು ಲಾಭ ಇದೆ. ಕಂಬಳಿಕೊಪ್ಪೆ ಹಾಕಿ ಬಾಗಿ ನಡೆಯುವವರು ಹಿಂದಿನಿಂದ ಎಲ್ಲರೂ ಒಂದೇ. ಸಾಕ್ಷಿ ಗುರುತಿಸಿದ್ದು ಮನುಷ್ಯನನ್ನೋ ಕಂಬಳಿಯನ್ನೋ ಎಂದು ಪಾಟೀಸವಾಲು ಹಾಕಬಹುದು.

ಹತ್ತಿ ವ್ಯಾಪಾರಿಯ ವಿಷಯಕ್ಕೆ ಬಂದರೆ, ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ‘ಕುಮಟಾ ಹತ್ತಿ’ ಎಂದೇ ಹೆಸರು ಪಡೆದು ಹಡಗು ಹತ್ತುತ್ತಿದ್ದುದು ನಿಜ. ಆದರೆ 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾಕ್ಕೆ ರೈಲು ಬಿದ್ದ ಮೇಲೆ ಆ ಸರಕು ಅತ್ತ ತಿರುಗಿತು. ನಿಮ್ಮ ವ್ಯಾಪಾರಿ 1890ರಲ್ಲಿ ಇಳಿಮುಖದಲ್ಲಿರುವ ಸಾಹುಕಾರ. ಸಾಲ, ವಿಮೆ, ಪಾಲುದಾರರ ಜಗಳ, ಕೊಲೆಗೆ ಕಾರಣ ಹುಡುಕಲು ನೀವು ದೂರ ಹೋಗಬೇಕಿಲ್ಲ.

ದಾಖಲೆ ಹುಡುಕುವಾಗ ಜಿಲ್ಲೆ ಯಾವಾಗ ಯಾರ ಕೈಯಲ್ಲಿತ್ತು ಎಂಬುದೇ ದಾರಿದೀಪ. 1799ರಿಂದ 1862ರವರೆಗಿನದು ಚೆನ್ನೈಯ ಪತ್ರಾಗಾರದಲ್ಲಿ, 1862ರ ನಂತರದ್ದು ಮುಂಬಯಿಯದರಲ್ಲಿ, ಸೋದೆ ಅರಸರಿಗೂ ಪೋರ್ಚುಗೀಸರಿಗೂ ನಡೆದ ಪತ್ರವ್ಯವಹಾರ ಪಣಜಿಯಲ್ಲಿ. ಬೆಂಗಳೂರಿಗೆ ಮೊದಲು ಓಡುವವರೇ ಹೆಚ್ಚು, ಬರಿಗೈಯಲ್ಲಿ ಬರುವವರೂ ಅವರೇ. ಊರು ಬಿಡುವ ಮೊದಲು 1883ರ ಮುಂಬಯಿ ಗೆಜೆಟಿಯರಿನ 15ನೇ ಸಂಪುಟ, ಕಾನಡಾ ಜಿಲ್ಲೆಯದು, ಎರಡೂ ಭಾಗ ಓದಿ ಮುಗಿಸಿ. ಸಂತೆ, ಘಟ್ಟದ ರಸ್ತೆ, ತೂಕ, ಕೂಲಿ ದರ ಎಲ್ಲ ಅದರಲ್ಲಿವೆ. ಜಾತಿಗಳ ವರ್ಣನೆಯನ್ನು ಮಾತ್ರ ಹಾಗೇ ಎತ್ತಿಕೊಳ್ಳಬೇಡಿ. ಅದು ದೊರೆಯ ಕಣ್ಣಿಗೆ ಕಂಡದ್ದು, ನಿಮ್ಮ ನೆರೆಮನೆಯವರು ಹಾಗಿಲ್ಲ ಎಂದು ನಿಮಗೆ ಗೊತ್ತು.

ಸುಳಿವು ಹೇಗೆ ಬಚ್ಚಿಡುವುದು? ಓದಿದವರೆಲ್ಲ ಐದನೇ ಅಧ್ಯಾಯಕ್ಕೇ ಕೊಲೆಗಾರ ಯಾರೆಂದು ಹೇಳಿಬಿಡುತ್ತಾರೆ.
— ಓದುಗ, ಅಂಕೋಲಾ

ನೀವು ಬಹುಶಃ ಪತ್ತೇದಾರನ ಬೆನ್ನು ಹತ್ತಿ ಬರೆಯುತ್ತಿದ್ದೀರಿ. ಮೊದಲು ಕೊಲೆಗಾರನ ದಿನಚರಿ ಬರೆಯಿರಿ. ಕೊಲೆಯ ಹಿಂದಿನ ಮೂರು ದಿನ, ನಂತರದ ಹತ್ತು ದಿನ, ಗಳಿಗೆ ಗಳಿಗೆಗೆ ಎಲ್ಲಿದ್ದ, ಯಾರ ಕಣ್ಣಿಗೆ ಬಿದ್ದ, ಏನು ಮುಟ್ಟಿದ. ಹತ್ತು ಹನ್ನೆರಡು ಪುಟ ಆಗುತ್ತದೆ. ಒಂದು ಸಾಲೂ ಅಚ್ಚಾಗುವುದಿಲ್ಲ. ಅದರ ಮೇಲೆ ಇನ್ನೊಂದು ಹಾಳೆಯಲ್ಲಿ ಅಧ್ಯಾಯಕ್ಕೊಂದು ಸಾಲು ಎಳೆದು ಮೂರು ಅಂಕಣ ಮಾಡಿ: ಪತ್ತೇದಾರನಿಗೆ ಏನು ಗೊತ್ತು, ಓದುಗನಿಗೆ ಏನು ಗೊತ್ತು, ಕೊಲೆಗಾರ ಏನೆಂದುಕೊಂಡಿದ್ದಾನೆ. 60,000 ಪದದ ಕಾದಂಬರಿಗೆ 2,500 ಪದದ 24 ಅಧ್ಯಾಯ ಎಂದಿಟ್ಟುಕೊಂಡರೆ, ಮುಖ್ಯ ಸುಳಿವು 8ನೇ ಅಧ್ಯಾಯದೊಳಗೆ ಒಮ್ಮೆ, 15ರ ಆಸುಪಾಸಿನಲ್ಲಿ ಬೇರೆ ವೇಷದಲ್ಲಿ ಇನ್ನೊಮ್ಮೆ ಬರಬೇಕು. 20ರ ನಂತರ ಹೊಸ ಸುಳಿವು ತಂದರೆ ಮೋಸ.

ಬಚ್ಚಿಡುವ ಕೈಚಳಕ ಸಣ್ಣದು. ಸುಳಿವನ್ನು ಪ್ಯಾರಾದ ಕೊನೆಗೆ ಇಡಬೇಡಿ, ಅಲ್ಲಿ ಕಣ್ಣು ನಿಲ್ಲುತ್ತದೆ. ಮೂರು ವಸ್ತುಗಳ ನಡುವಿನದಾಗಿ ಇಟ್ಟು, ಕೂಡಲೇ ಯಾರಾದರೂ ಬಾಗಿಲು ಬಡಿಯಲಿ. ನಿಮ್ಮ ಹಸ್ತಪ್ರತಿಯಲ್ಲಿ ‘ಅವನ ಕಣ್ಣುಗಳು ವಿಚಿತ್ರವಾಗಿ ಹೊಳೆದವು’ ಎಂದು ಮೂರು ಕಡೆ ಇದೆ. ಮೂರೂ ಸಲ ಒಬ್ಬನದೇ ಕಣ್ಣು. ಓದುಗರು ಮತ್ತೆ ಹೇಗೆ ಕಂಡುಹಿಡಿಯಬೇಕು?

ಸುಳಿವು ನೆಲದಿಂದಲೇ ಎದ್ದು ಬರಲಿ. ಎರಡು ಉದಾಹರಣೆ ಕೊಡುತ್ತೇವೆ, ಬೇಕಾದರೆ ಇಟ್ಟುಕೊಳ್ಳಿ. ಅಘನಾಶಿನಿ ದಂಡೆಯ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ಉಪ್ಪುನೀರು ನುಗ್ಗುವ ನೆಲ ಅದು. ಅಲ್ಲಿನ ಕಪ್ಪು ಕೆಸರು ಧೋತರಕ್ಕೆ ಹತ್ತಿ ಒಣಗಿದರೆ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಚಿರೆಕಲ್ಲಿನ ಗುಡ್ಡದ ಕೆಂಪು ಮಣ್ಣಿಗೆ ಆ ಗುಣ ಇಲ್ಲ. ‘ನಾನು ಗುಡ್ಡದ ಹಾದಿಯಲ್ಲೇ ಬಂದೆ’ ಎಂದವನ ಧೋತರ ತೊಳೆಯುವ ಹೆಂಗಸು ‘ಉಪ್ಪಿನ ಕರೆ ಹೋಗುವುದಿಲ್ಲ’ ಎಂದು ಗೊಣಗಿದರೆ ಸಾಕು. ಘಟ್ಟದ ಮೇಲೆ ಇನ್ನೊಂದು ತಮಾಷೆ. ಶಿರಸಿ ಸೀಮೆಯಲ್ಲಿ ಹಸಿ ಅಡಿಕೆ ಸುಲಿದು ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ, ಬೇಯಿಸುತ್ತಾರೆ. ಚೊಗರು ಬಟ್ಟೆಗೆ ಬಿದ್ದರೆ ಒಣಗಿದ ರಕ್ತದ್ದೇ ಬಣ್ಣ. ಕೊನೆಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ನವೆಂಬರಿನಿಂದ ಸಂಕ್ರಾಂತಿ ಆಚೀಚೆವರೆಗೆ, ಊರಿನ ಪ್ರತಿ ಗಂಡಸಿನ ಪಂಚೆಯ ಮೇಲೂ ಅಂಥ ಕಲೆ ಇರುತ್ತದೆ. ರಕ್ತದ ಕಲೆ ಬಚ್ಚಿಡಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಸುಳಿವು ಎಲ್ಲಿದೆ ಎಂದರೆ, ಕಲೆ ಇರುವವನು ಆ ವರ್ಷ ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿದ್ದ, ಅವನ ಅಂಗಳದಲ್ಲಿ ಅಡಿಕೆ ಬೇಯಲೇ ಇಲ್ಲ.

ಕಡಲಿಗೆ ಹೆಣ ಎಸೆಯುವ ಅಧ್ಯಾಯದಲ್ಲಿ ಭರತಿ ಇಳಿತದ ಲೆಕ್ಕ ತಪ್ಪಿದೆ. ಒಂದು ಭರತಿಯಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆಯಂದು ಬೆಳಿಗ್ಗೆ 10ಕ್ಕೆ ಭರತಿ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ನಾಲ್ಕು ದಿನ ಕಳೆದ ಮೇಲೆ ಅದು ಮಧ್ಯಾಹ್ನ 1.20ರ ಹತ್ತಿರ ಬರಬೇಕು. ನಿಮ್ಮಲ್ಲಿ ಆಗಲೂ 10ಕ್ಕೇ ದೋಣಿ ತೇಲುತ್ತದೆ. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಎಸೆದದ್ದು ಹೊರಗೆ ಹೋಗುತ್ತದೆ, ಭರತಿಗೆ ಎಸೆದದ್ದು ಹೊಳೆಯೊಳಗೇ ತಿರುಗಿ ಬರುತ್ತದೆ. ಇದು ನಮ್ಮ ಕೊಲೆಗಾರನಿಗೆ ಗೊತ್ತಿರಲಿಲ್ಲ ಎಂದರೆ ಅವನು ಘಟ್ಟದ ಮೇಲಿನವನು ಎಂದಾಯಿತು. ಬೆಳದಿಂಗಳನ್ನೂ ಒಮ್ಮೆ ನೋಡಿಕೊಳ್ಳಿ: ಶುಕ್ಲ ಅಷ್ಟಮಿಯ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ, ಕೃಷ್ಣ ಅಷ್ಟಮಿಯವನು ಆಗಷ್ಟೇ ಏಳುತ್ತಾನೆ. ‘ಬೆಳದಿಂಗಳಲ್ಲಿ ಮುಖ ಕಂಡೆ’ ಎನ್ನುವ ಸಾಕ್ಷಿಯ ತಿಥಿ ಮೊದಲು ಪರೀಕ್ಷಿಸಬೇಕಾದವರು ನೀವು. ಇಲ್ಲದಿದ್ದರೆ ಓದುಗರು ಪರೀಕ್ಷಿಸುತ್ತಾರೆ.

ಕೆಲಸ ಬಿಟ್ಟು ಇದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದೇನೆ. ಬದುಕು ನಡೆದೀತೇ? ಪ್ರಕಾಶಕರೊಬ್ಬರು ಒಂದು ಪುಟದ ಕರಾರು ಕಳಿಸಿದ್ದಾರೆ, ಸಹಿ ಹಾಕಲೇ?
— ಸಹಕಾರಿ ಸಂಘದ ಗುಮಾಸ್ತ, ಶಿರಸಿ

ಲೆಕ್ಕ ನೀವೇ ಮಾಡಿ. 1/8 ಡೆಮಿ ಆಕಾರದ ಪುಟಕ್ಕೆ 250 ಪದ ಹಿಡಿದರೆ 60,000 ಪದಕ್ಕೆ 240 ಪುಟ, 16 ಪುಟದ 15 ಫಾರಂ. ಬೆಲೆ 250 ರೂಪಾಯಿ, ಸಾವಿರ ಪ್ರತಿ, ಗೌರವಧನ ಶೇ. 10 ಎಂದುಕೊಳ್ಳಿ. ಕೊನೆಯ ಪ್ರತಿ ಮಾರಿದ ದಿನ ನಿಮ್ಮ ಕೈಗೆ ಬರುವುದು 25,000. ಬರೆಯಲು ಒಂದೂವರೆ ವರ್ಷ, ಮಾರಲು ಎರಡು ವರ್ಷ. ಸಂಘದ ಕೆಲಸ ಬಿಡಬೇಡಿ.

ವೃತ್ತಿ ಎಂದರೆ ಒಂದು ಪುಸ್ತಕವಲ್ಲ, ಐದಾರು. ಅದಕ್ಕೆ ಒಂದೇ ಕಾಲ, ಒಂದೇ ಪತ್ತೇದಾರ ಹಿಡಿದು ಸಾಗುವುದು ಜಾಣತನ. ಮೊದಲ ಪುಸ್ತಕಕ್ಕೆ ಮಾಡಿದ ಅಧ್ಯಯನ ಮೂರನೆಯದಕ್ಕೂ ಬರುತ್ತದೆ, ಹೊಸದನ್ನು ಕೊಂಡವರು ಹಳೆಯದನ್ನೂ ಕೇಳುತ್ತಾರೆ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದರೆ ಸಂಭಾವನೆ ಬೇರೆ, ಓದುಗರು ಮೊದಲೇ ಸಿದ್ಧ. ಆದರೆ ಧಾರಾವಾಹಿಗೆ ಕಂತು ಕಂತಾಗಿ ಬರೆದು ಕಳಿಸಬೇಡಿ, ಪೂರ್ತಿ ಮುಗಿಸಿಯೇ ಕೊಡಿ. 4ನೇ ಕಂತಿನಲ್ಲಿ ಎಡಗೈಯವನಾಗಿದ್ದ ಕೊಲೆಗಾರ 19ರಲ್ಲಿ ಬಲಗೈಯವನಾದರೆ, ಅಚ್ಚಾದದ್ದನ್ನು ತಿದ್ದಲು ಬಾರದು. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕಬಹುದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯಾ ವರ್ಷದ ಪ್ರಥಮ ಮುದ್ರಣಗಳನ್ನೇ ಕೇಳುವುದರಿಂದ, ಒಳಪುಟದಲ್ಲಿ ಮುದ್ರಣದ ವರ್ಷ ಸರಿಯಾಗಿ ಬೀಳಲಿ. ನೀವೇ ಪ್ರಕಟಿಸುವುದಾದರೆ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವ ಮಧ್ಯವರ್ತಿಯ ಗೊಡವೆ ಬೇಡ.

ಕರಾರಿಗೆ ಈಗಲೇ ಸಹಿ ಬೇಡ. ‘ಸಕಲ ಹಕ್ಕುಗಳು ಪ್ರಕಾಶಕರದು’ ಎಂಬ ಒಂದು ಸಾಲಿನಲ್ಲಿ ಸಿನಿಮಾ, ಆಡಿಯೋ, ಅನುವಾದ ಎಲ್ಲ ಹೋಗುತ್ತದೆ. ಪತ್ತೇದಾರಿ ಕಥೆಗೆ ಮುಂದೆ ದುಡ್ಡು ಬರುವುದಿದ್ದರೆ ಅಲ್ಲಿಂದಲೇ. ಯಾವ ಹಕ್ಕು, ಎಷ್ಟು ವರ್ಷ, ಎಷ್ಟು ಪ್ರತಿ, ಲೆಕ್ಕ ಯಾವ ತಿಂಗಳಲ್ಲಿ ಎಂದು ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವಹಿಸಿಕೊಡುವಾಗ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಅರ್ಥ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಲ್ಲಿ, ಅದು ನಿಮಗೇ ವಾಪಸು. ನಿಮಗೆ ಬಂದಿರುವ ಆ ಒಂದು ಪುಟದಲ್ಲಿ ಇವಕ್ಕೆಲ್ಲ ವಿರುದ್ಧವಾದ ಒಂದು ಸಾಲು ಸಣ್ಣ ಅಕ್ಷರದಲ್ಲಿ ಇದೆ, ಕೆಳಗಿನಿಂದ ಮೂರನೆಯದು. ಅದನ್ನು ಹೊಡೆದುಹಾಕಿ ತಿರುಗಿ ಕಳಿಸಿ.

ಹಸ್ತಪ್ರತಿಯನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ ಇಟ್ಟುಕೊಳ್ಳಿ. ಪುಟವಿನ್ಯಾಸದವರು ಹಳೆಯ ನುಡಿ ಫಾಂಟಿಗೆ ಬದಲಿಸಿದಾಗ ಅರ್ಕಾವೊತ್ತು ಜಾಗ ತಪ್ಪುವುದುಂಟು. ಶಾಸನದ ಸಾಲು ಉಲ್ಲೇಖಿಸಿದ್ದರೆ ಱ, ೞ ಮಾಯವಾಗುತ್ತವೆ. ಕರಡು ತಿದ್ದುವಾಗ ಕಥೆ ಓದುತ್ತ ಹೋದರೆ ಇವು ಕಣ್ಣಿಗೆ ಬೀಳುವುದಿಲ್ಲ. ಒಂದು ಸುತ್ತು ಇವನ್ನೇ ಹುಡುಕುತ್ತ, ಇನ್ನೊಂದು ಸುತ್ತು ಬರೀ ತಾರೀಖು, ಅಂಕಿ, ಹೆಸರು ನೋಡುತ್ತ ತಿದ್ದಿ.

16ನೇ ಶತಮಾನದ ಪಾತ್ರ ‘ಐದು ನಿಮಿಷ ತಾಳಿ’ ಎನ್ನಬಹುದೇ? ‘ಚಾವಿ’ ಎನ್ನಬಹುದೇ?
— ವಿದ್ಯಾರ್ಥಿನಿ, ಭಟ್ಕಳ

ನಿಮಿಷ ಬೇಡ, ಗಳಿಗೆ ಇರಲಿ. ಒಂದು ಗಳಿಗೆ ಎಂದರೆ 24 ನಿಮಿಷ, ದಿನಕ್ಕೆ 60. ಜಾವ ಎಂದರೆ 3 ಗಂಟೆ. ಚಾವಿ ಪೋರ್ಚುಗೀಸ್ ಮಾತು, ಜನೇಲೂ ಹಾಗೆಯೇ. 1590ರ ಭಟ್ಕಳ ಬಂದರಿನ ದುಭಾಷಿಯ ಬಾಯಲ್ಲಿ ಚೆಂದ, 1400ರ ಕಥೆಯಲ್ಲಿ ಯಾರ ಬಾಯಲ್ಲೂ ಅಲ್ಲ. ಆ ಕಾಲದ ಕನ್ನಡವನ್ನೇ ಆಡಿಸಲು ಹೋಗಬೇಡಿ, ಎರಡನೇ ಪುಟಕ್ಕೆ ನಾಟಕವಾಗುತ್ತದೆ. ಇಂದಿನ ಮಾತೇ ಇರಲಿ, ಆ ಕಾಲಕ್ಕೆ ಇಲ್ಲದ ವಸ್ತುವಿನ ಹೆಸರು ಮಾತ್ರ ನುಸುಳದಿರಲಿ. ‘ಕಥೆಗೆ ಕಿಡಿ ಹೊತ್ತಿಸಿದ ಬೆಂಕಿಕಡ್ಡಿಯಂತೆ’ ಎಂಬ ನಿಮ್ಮ ಉಪಮೆಯೂ ಹೋಗಬೇಕು. ಗೀರಿ ಹೊತ್ತಿಸುವ ಕಡ್ಡಿ ಹುಟ್ಟಿದ್ದೇ 1826ರಲ್ಲಿ, ಅದೂ ಇಂಗ್ಲೆಂಡಿನಲ್ಲಿ. ನಿಮ್ಮ ರಾತ್ರಿಗಳಿಗೆ ಹೊನ್ನೆ ಎಣ್ಣೆಯ ದೀಪ, ತೆಂಗಿನ ಗರಿಯ ಸೂಡಿ ಸಾಕು. ಹೊನ್ನೆ ಎಣ್ಣೆ ಹೊಗೆ ಕಾರುತ್ತದೆ, ಗೋಡೆಗೆ ಮಸಿ ಹಿಡಿಯುತ್ತದೆ. ಆ ಮಸಿಯ ಮೇಲೆ ಯಾರದಾದರೂ ಕೈಯ ಗುರುತು ಮೂಡಿದ್ದರೆ ನೋಡಿ.

ನೂರು ವರ್ಷದ ಹಿಂದೆ ನಮ್ಮೂರಲ್ಲಿ ನಡೆದ ನಿಜವಾದ ಕೊಲೆ. ಮನೆತನದವರು ಈಗಲೂ ಇದ್ದಾರೆ. ಹೆಸರು ಹಾಕಬಹುದೇ?
— ಕೃಷಿಕ, ಯಲ್ಲಾಪುರ

ಹಾಕಬೇಡಿ. ಸತ್ತವರ ಮೇಲೆ ಹೊರಿಸಿದ ಆಪಾದನೆಯೂ, ಬದುಕಿದ್ದರೆ ಅವರ ಹೆಸರು ಕೆಡಿಸುವಂಥದ್ದಾಗಿ, ಮನೆಯವರನ್ನು ನೋಯಿಸುವ ಉದ್ದೇಶದ್ದಾದರೆ ಮಾನಹಾನಿಯಾಗುತ್ತದೆ; ಹಳೆಯ ದಂಡಸಂಹಿತೆಯ 499ರಲ್ಲಿದ್ದ ಈ ಮಾತು ಈಗಿನ ನ್ಯಾಯಸಂಹಿತೆಯ 356ಕ್ಕೆ ಬಂದಿದೆ. ಬರೀ ಹೆಸರು ಬದಲಿಸಿದರೂ ಸಾಲದು. ಮನೆಯ ಕೇರಿ, ತೋಟದ ಕಸುಬು, ಎಷ್ಟನೇ ಮಗ ಎಂಬುದೆಲ್ಲ ಹಾಗೇ ಇದ್ದರೆ ಊರಿಗೆ ಊರೇ ಗುರುತು ಹಿಡಿಯುತ್ತದೆ. ಘಟ್ಟದ ಮೇಲಿನ ಅಡಿಕೆ ಮನೆಯನ್ನು ಕೆಳಗಿನ ಉಪ್ಪಿನಾಗರದ ಮನೆ ಮಾಡಿ, ಅಣ್ಣತಮ್ಮಂದಿರ ಜಗಳವನ್ನು ಅತ್ತೆ ಅಳಿಯನದ್ದು ಮಾಡಿ, ಕಾಲವನ್ನು ಇಪ್ಪತ್ತು ವರ್ಷ ಹಿಂದೆ ಸರಿಸಿ. ಸರಿಸಿದ ಮೇಲೆ ಮಾಮಲೇದಾರ, ಬೆಂಕಿಪೊಟ್ಟಣ, ಸೀಮೆಎಣ್ಣೆ ದೀಪ ಮೂರನ್ನೂ ಇನ್ನೊಮ್ಮೆ ನೋಡಿಕೊಳ್ಳಿ.